ಹೌದಾದರೆ ಒಂದು ಒತ್ತಿ

ಬರುವ ದಸರೆಯೊಳಗೆ ನಾಗಪುರದ ಇತವಾರಿ ಪೇಟೆಯಲ್ಲಿ ಒಬ್ಬನೇ ಒಬ್ಬನೂ ಕೆಮ್ಮಬಾರದು ಎಂದು ಸಂಗಪ್ಪನವರು ತೀರ್ಮಾನಿಸಿದರು. ಅದು 2008ನೆಯ ಇಸವಿ. ಗದಗಿನಿಂದ ಬಂದು, ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಅಂಕಿ-ಅಂಶ ಬರೆದು ನಿವೃತ್ತರಾಗಿದ್ದ ಅವರನ್ನು ಒಂದು ಸೇವಾಸಂಸ್ಥೆ ಕರೆದು ಕುರ್ಚಿ ಕೊಟ್ಟಿತ್ತು. ಬಡ ದೇಶಗಳ ಕ್ಷಯರೋಗವನ್ನು ಮೊಬೈಲಿನಿಂದ ಓಡಿಸುವ ಯೋಜನೆ. ಹಣ ಹೊರದೇಶದ್ದು, ಕೆಮ್ಮು ನಮ್ಮದು.

ಯೋಜನೆ ಬಹಳ ಸರಳವಾಗಿತ್ತು. ನೂರಾ ನಲವತ್ತು ಮಂದಿ ರೋಗಿಗಳಿಗೆ ಒಂದೊಂದು ಮೊಬೈಲ್ ಹಂಚಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರು ತಾನೇ ಅವರಿಗೆಲ್ಲ ಫೋನ್ ಮಾಡಿ, ಇವತ್ತಿನ ಗುಳಿಗೆ ನುಂಗಿದಿರಾ ಎಂದು ಮರಾಠಿಯಲ್ಲಿ ಕೇಳುತ್ತಿತ್ತು. ಹೌದಾದರೆ ಒಂದು ಒತ್ತಬೇಕು, ಇಲ್ಲವಾದರೆ ಎರಡು. ಒಂದು ಒತ್ತಿದವರ ಹೆಸರಿನ ಮುಂದೆ ಹಸಿರು ಚುಕ್ಕೆ, ಎರಡು ಒತ್ತಿದವರಿಗೆ ಕೆಂಪು. ಎರಡು ಒತ್ತಿದರೂ, ಏನೂ ಒತ್ತದಿದ್ದರೂ ಕಾಲುಗಂಟೆಗೊಮ್ಮೆ ಮತ್ತೆ ಫೋನು, ಒಂದು ಒತ್ತುವ ತನಕ. ಮನುಷ್ಯನಾದರೆ ಬೇಸತ್ತು ಬಿಡುತ್ತಾನೆ, ಕಂಪ್ಯೂಟರಿಗೆ ಬೇಸರವೆಂಬುದೇ ಇಲ್ಲ ಎಂದು ಸಂಗಪ್ಪನವರು ಕಂಡವರಿಗೆಲ್ಲ ಹೇಳುತ್ತಿದ್ದರು.

ಕೇಳುವ ಆ ದನಿಯೂ ಅವರದೇ. ಸಂಸ್ಥೆಯ ಮುಖ್ಯಸ್ಥ ಉಮಾಕಾಂತ ಮೈಸೂರಿನ ಕಡೆಯವನು. "ಸಾರ್, ನಿಮ್ಮ ವಾಯ್ಸ್‌ನಲ್ಲಿ ಒಂದು ಅಥಾರಿಟಿ ಇದೆ" ಎಂದು ಅವರನ್ನು ಉಬ್ಬಿಸಿ ಮೈಕಿನ ಮುಂದೆ ಕೂರಿಸಿದ್ದ. ಗದಗಿನ ನಾಲಿಗೆಯ ಮರಾಠಿ ನೂರಾ ನಲವತ್ತು ಮನೆಗಳಲ್ಲಿ ಮೊಳಗತೊಡಗಿತು.

"ನಿಮ್ಮ ದನಿಗೆ ಕ್ಷಯದ ಹುಳಾ ಸಾಯ್ತಾವೋ ಇಲ್ಲೋ ಗೊತ್ತಿಲ್ಲ" ಎಂದರು ಹೆಂಡತಿ ಸುಶೀಲಾಬಾಯಿ. "ರೋಗಿ ಮಾತ್ರ ಊರು ಬಿಟ್ಟು ಹೋಗ್ತಾನ."

ಈ ಮಾತಿಗೆ ಸಂಗಪ್ಪನವರು ಸೇಡು ತೀರಿಸಿಕೊಂಡರು. ಸುಶೀಲಾಬಾಯಿಗೆ ರಕ್ತದೊತ್ತಡವಿತ್ತು. ದಿನಕ್ಕೊಂದು ಗುಳಿಗೆ ಬರೆದಿದ್ದರು, ಅವರು ಅದನ್ನು ನೆನಪಾದಾಗ ನುಂಗುತ್ತಿದ್ದರು. ಸಂಗಪ್ಪನವರು ಪಟ್ಟಿಯಲ್ಲಿ ನೂರಾ ನಲವತ್ತೊಂದನೆಯ ಹೆಸರಾಗಿ ಹೆಂಡತಿಯನ್ನೂ ಸೇರಿಸಿಬಿಟ್ಟರು.

ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಹಾಲ್‌ನಲ್ಲಿ ಸಂಗಪ್ಪನವರು ಪೇಪರ್ ಓದುತ್ತಿದ್ದರೆ, ಅಡುಗೆಮನೆಯಲ್ಲಿ ಅದೇ ಸಂಗಪ್ಪನವರು ಮರಾಠಿಯಲ್ಲಿ ಗುಳಿಗೆಯ ವಿಚಾರಣೆ ನಡೆಸುತ್ತಿದ್ದರು. ಸುಶೀಲಾಬಾಯಿ ಕೆಲಸ ಮಾಡುತ್ತಿದ್ದುದು ಕಳಮೇಶ್ವರದ ಒಂದು ಶಾಲೆಯಲ್ಲಿ. ಎಂಟೂಮುಕ್ಕಾಲರ ಬಸ್ಸು ಹಿಡಿಯಬೇಕು. ಕೈತುಂಬ ಕಣಕ, ಹಂಚಿನ ಮೇಲೆ ಚಪಾತಿ, ಪಕ್ಕದಲ್ಲಿ ಬಡಕೊಳ್ಳುವ ಫೋನು.

ಮೂರನೆಯ ದಿನವೇ ಅವರು ಹೇಳಿದ್ದರು. "ರೀ, ಈ ಗುಳಿಗಿ ನುಂಗಿದ್ರ ಗಳಿಗೆಗೊಮ್ಮೆ ಬಚ್ಚಲಕ್ಕ ಹೋಗಬೇಕಾಗ್ತೈತಿ. ಬಸ್ಸಿನ್ಯಾಗ ಒಂದು ತಾಸು. ಸಾಲ್ಯಾಗ ಇರೋದು ಒಂದs ಪಾಯಖಾನಿ, ಅದಕ್ಕ ಹೆಡ್‌ಮಾಸ್ತರು ಕೀಲಿ ಹಾಕಿರ್ತಾರ. ನಾ ಏನ್ ಮಾಡ್ಲಿ?"

ಸಂಗಪ್ಪನವರು ಪೇಪರಿನಿಂದ ತಲೆಯೆತ್ತಲಿಲ್ಲ. "ಅದನ್ನೆಲ್ಲ ಹೇಳಾಕ ಗುಂಡಿ ಇಲ್ಲ. ನುಂಗಿದ್ರ ಒಂದು, ಇಲ್ಲಂದ್ರ ಎರಡು."

"ಎರಡು ಒತ್ತಿದ್ರ ನಿಮ್ಮ ಫೋನು ಮತ್ತ ಬಡಕೋತೈತಿ."

"ಬಡಕೊಳ್ಳಲಿ. ಅದಕ್ಕs ಅದು ಇರೋದು."

ಸುಶೀಲಾಬಾಯಿ ಮತ್ತೆ ಆ ಮಾತೆತ್ತಲಿಲ್ಲ. ನಾಲ್ಕನೆಯ ದಿನದಿಂದ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳತೊಡಗಿತು. ಒಂದು ವಾರ, ಒಂದು ತಿಂಗಳು, ಎರಡು ತಿಂಗಳು. ಅಷ್ಟು ನಿಯಮದ ರೋಗಿ ಇಡೀ ಪಟ್ಟಿಯಲ್ಲಿ ಇನ್ನೊಬ್ಬನಿದ್ದ. ಅವನು ಇತವಾರಿಯಲ್ಲಿ ಕೈಗಾಡಿ ಎಳೆಯುವ ದೌಲತ್ ನಿನಾವೆ. ಎಂಟು ಹೊಡೆದು ಎರಡು ನಿಮಿಷಕ್ಕೆ ಅವನ ಚುಕ್ಕೆ ಬಿದ್ದಿರುತ್ತಿತ್ತು. ಸಂಗಪ್ಪನವರು ಅವನ ಹೆಸರನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಎತ್ತುತ್ತಿದ್ದರು. "ಅಕ್ಷರ ಬರಂಗಿಲ್ಲ ಅವಗ. ಆದ್ರ ಶಿಸ್ತು ನೋಡು, ಶಿಸ್ತು."

ಸೆಪ್ಟೆಂಬರಿನಲ್ಲಿ ಹಣ ಕೊಡುವ ಹೊರದೇಶದ ಇಬ್ಬರು ಬಂದರು. ಉಮಾಕಾಂತ ಗೋಡೆಯ ತುಂಬ ಹಸಿರು ಚುಕ್ಕೆಗಳ ಚಿತ್ರ ಬೆಳಗಿಸಿದ. ಶೇಕಡಾ ತೊಂಬತ್ತಾರು. ಬಂದವರು ಬಾಯಿ ತೆರೆದು ನೋಡಿದರು. ಸಂಗಪ್ಪನವರು ಎದ್ದು ನಿಂತು, ಈ ಯೋಜನೆಯಲ್ಲಿ ತಮಗೆಷ್ಟು ನಂಬಿಕೆಯೆಂದರೆ ಸ್ವಂತ ಹೆಂಡತಿಯನ್ನೂ ಇದರಲ್ಲಿ ಸೇರಿಸಿರುವುದಾಗಿ ತಮ್ಮ ಇಂಗ್ಲಿಷಿನಲ್ಲಿ ಸಾರಿದರು. ಆ ದಿನದ ಚುಕ್ಕೆಯನ್ನೂ ತೋರಿಸಿದರು. ಎಂಟು ಗಂಟೆ ಎರಡು ನಿಮಿಷ, ಹಸಿರು. ಚಪ್ಪಾಳೆ ಬಿತ್ತು.

ಚಪ್ಪಾಳೆಯ ನಡುವೆಯೇ ಅವರ ಕಿಸೆಯಲ್ಲಿ ಫೋನು ಅಲುಗಿತು. ಕಳಮೇಶ್ವರದ ಶಾಲೆಯಿಂದ. ಸುಶೀಲಾಬಾಯಿ ಐದನೆಯ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಜಾರಿತಂತೆ. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲವಂತೆ. ಬಾಯಿ ಒಂದು ಕಡೆಗೆ ವಾಲಿದೆ, ಜೀಪಿನಲ್ಲಿ ನಾಗಪುರಕ್ಕೆ ತರುತ್ತಿದ್ದೇವೆ ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಒತ್ತಡದ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದರೇ?"

ಇಡೀ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ದಾಖಲೆ ಸಮೇತ ಉತ್ತರ ಕೊಡಬಲ್ಲ ಗಂಡ ತಾನೊಬ್ಬನೇ ಎಂದು ಆ ಗಾಬರಿಯಲ್ಲೂ ಸಂಗಪ್ಪನವರಿಗೆ ಅನ್ನಿಸಿತು. "ಹನ್ನೊಂದು ವಾರ, ಒಂದು ದಿನವೂ ತಪ್ಪಿಲ್ಲ. ನನ್ನ ಹತ್ತಿರ ಚಾರ್ಟ್ ಇದೆ" ಎಂದರು.

ಡಾಕ್ಟರು ಹುಬ್ಬು ಗಂಟಿಕ್ಕಿ, ಹಾಗಾದರೆ ಆ ಗುಳಿಗೆ ಇವರಿಗೆ ಸಾಲುತ್ತಿಲ್ಲ ಎಂದು ಇನ್ನೂ ಜೋರಾದ ಎರಡು ಬರೆದರು. ಹಳೆಯದೂ ಇರಲಿ ಎಂದರು. ಮೂರನೆಯ ದಿನ ನರ್ಸು ಸುಶೀಲಾಬಾಯಿಯನ್ನು ಹಿಡಿದು ಕೂರಿಸಿದಾಗ ಅವರ ಕಣ್ಣು ಮೇಲಕ್ಕೆ ಹೋಗಿ, ಮೈ ಬೆವರಿ, ನಾಡಿ ಸಿಗದಂತಾಯಿತು. ಒತ್ತಡ ಪಾತಾಳಕ್ಕಿಳಿದಿತ್ತು. ಓಡಿಬಂದವರು ಸಲೈನ್ ಏರಿಸಿ, ಕಾಲು ಎತ್ತಿಟ್ಟು, ಪರದೆ ಎಳೆದರು.

ಪರದೆಯ ಹೊರಗೆ ಮಗಳು ನೇತ್ರಾ ಗೋಡೆ ಹಿಡಿದು ನಿಂತಿದ್ದಳು. ಕಾಲೇಜಿನ ಎರಡನೆಯ ವರ್ಷ. "ಪಪ್ಪಾ, ಡಾಕ್ಟರ್‌ಗೆ ಹೇಳ್ರಿ. ಆಯಿ ಗುಳಿಗಿ ತಗೋತಿರಲಿಲ್ಲ."

"ದಿನಾ ಒಂದು ಒತ್ತ್ಯಾಳಲ್ಲ."

"ಅಕಿ ಕೈಗೆ ಕಣಕ ಇರ್ತಿತ್ತು. ಒಂದು ನಾ ಒತ್ತತಿದ್ದೆ. ಸಂಡೇ ಅಷ್ಟs ತಗೋತಿದ್ಲು. ನಿಮಗ ಹೇಳಬ್ಯಾಡ ಅಂದಿದ್ಲು." ಅವಳು ಪರದೆಯ ಕಡೆ ನೋಡಿದಳು. "ನಿಮಗ ಹೇಳಿದ್ರ ಚಾರ್ಟ್ ತೋರಸ್ತಾರ, ಖಾಲಿಪೀಲಿ ವಾದ ಆಗ್ತೈತಿ ಅಂದ್ಲು."

ಸಂಗಪ್ಪನವರು ಡಾಕ್ಟರ ಮುಂದೆ ಹೋಗಿ ನಿಂತು, ತಾವು ಹೇಳಿದ್ದು ಸುಳ್ಳು ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಆ ವಾಕ್ಯವನ್ನು ಅವರು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಬೈಯಲೂ ಇಲ್ಲ, ಎರಡು ಗುಳಿಗೆಗೆ ಅಡ್ಡಗೆರೆ ಎಳೆದರು. ಸುಶೀಲಾಬಾಯಿ ಉಳಿದರು. ಬಲಗೈ ಮಾತ್ರ ಉಳಿಯಲಿಲ್ಲ, ಮಾತು ಅರ್ಧ ಉಳಿಯಿತು.

ಹೆಂಡತಿಯನ್ನು ಮನೆಗೆ ಕರೆತಂದ ಮರುದಿನ ಸಂಗಪ್ಪನವರು ಪಟ್ಟಿ ಹಿಡಿದು ಇತವಾರಿಗೆ ಹೋದರು. ತಮ್ಮ ಮನೆಯ ಹಸಿರೇ ಹೀಗಿದ್ದ ಮೇಲೆ ಉಳಿದವರದನ್ನು ಕಣ್ಣಾರೆ ನೋಡದೆ ಅವರಿಗೆ ಅನ್ನ ಇಳಿಯುವಂತಿರಲಿಲ್ಲ. ಮೊದಲು ದೌಲತ್ ನಿನಾವೆಯ ಮನೆ. ಟೆಂಪೋಗಳ ಸಂದಿಯಲ್ಲಿ ನುಸುಳಿ, ದಿನಸಿ ಗೋದಾಮಿನ ಹಿಂದಿನ ಗಲ್ಲಿಯಲ್ಲಿ ಆ ಖೋಲಿಯನ್ನು ಹುಡುಕಿದರು. ಬಾಗಿಲಲ್ಲಿ ಅವನ ಹೆಂಡತಿ ಯಮುನಾಬಾಯಿ ಅಕ್ಕಿ ಆರಿಸುತ್ತಿದ್ದಳು. ಸಂಗಪ್ಪನವರು ಮರಾಠಿಯಲ್ಲಿ, ದೌಲತ್ ಇದ್ದಾನೆಯೇ ಎಂದು ಕೇಳಿದರು.

ಅವಳು ತಟ್ಟನೆ ತಲೆಯೆತ್ತಿದಳು. "ಫೋನಿನಲ್ಲಿ ಬರುವವರು ನೀವೇ ಅಲ್ಲವೇ?" ಎಂದು ಎದ್ದು ನಿಂತು ಸೆರಗು ಹೊದ್ದಳು. "ಅವರು ತೀರಿಕೊಂಡು ಐದು ವಾರವಾಯಿತು, ಸಾಹೇಬರೆ."

ಸಂಗಪ್ಪನವರ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ದಿನ ಬೆಳಿಗ್ಗೆಯೂ ಅವನು ಹಸಿರಾಗಿದ್ದ.

"ಮತ್ತೆ ಒಂದು ಒತ್ತಿದ್ದು ಯಾರು?"

"ನಾನೇ. ಎರಡು ಒತ್ತಿ ನೋಡಿದೆ, ಮತ್ತೆ ಮತ್ತೆ ಬಂತು. ಸುಮ್ಮನೆ ಬಿಟ್ಟೆ, ಆಗಲೂ ಬಂತು. ಸತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದೆ. ನೀವು ಕೇಳಿಸಿಕೊಳ್ಳಲಿಲ್ಲ, ಅದನ್ನೇ ಮತ್ತೆ ಕೇಳಿದಿರಿ. ಕೊನೆಗೆ ಒಂದು ಒತ್ತಿದೆ. ನಿಮಗೆ ಸಮಾಧಾನವಾಯಿತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿ ತಂದು ಮುಂದಿಟ್ಟಳು. ಅದರ ಮುಕ್ಕಾಲು ಭಾಗ ಗುಳಿಗೆ. "ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ಕಾರಿಕೊಳ್ಳುತ್ತಿದ್ದರು. ಆಮೇಲೆ ಗಾಡಿ ಎಳೆಯಲಾಗುತ್ತಿರಲಿಲ್ಲ. ಮೊದಲ ಗಾಡಿ ಇಳಿಸಿದ ಮೇಲೆ ಅವರಿಗೆ ತುತ್ತು, ಹನ್ನೊಂದಾಗುತ್ತಿತ್ತು. ಆಗ ನುಂಗಬಹುದಿತ್ತೇನೋ. ಎಂಟಕ್ಕೇ ಒಂದು ಒತ್ತಿಬಿಟ್ಟ ಮೇಲೆ ಹನ್ನೊಂದಕ್ಕೆ ನೆನಪಿರಬೇಕಲ್ಲ."

ಸಂಗಪ್ಪನವರಿಗೆ ಕೂರಲು ಅವಳು ಗೋಣಿಚೀಲ ಹಾಸಿದಳು. ಅವರು ಕೂತರು. ಅವಳು ಫೋನನ್ನು ವಾಪಸು ಕೊಡಲು ಬಂದಾಗ ತೆಗೆದುಕೊಳ್ಳಲು ಅವರ ಕೈ ಮುಂದಾಗಲಿಲ್ಲ.

ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿದರು. ಉಮಾಕಾಂತ ಬಾಗಿಲು ಮುಚ್ಚಿ ಬಂದು ಕೂತ. "ಸಾರ್, ಬೇಜಾರಾಗುತ್ತೆ, ನಿಜ. ಆದ್ರೆ ವರದಿ ಹೋಗಿ ಆಯ್ತು."

"ಇನ್ನೊಂದು ಗುಂಡಿ ಇಡ್ರಿ. ಯಾಕ ನುಂಗಲಿಲ್ಲ ಅಂತ ಕೇಳೂಣು."

"ಯಾಕೆ ಅಂತ ಕೇಳಿದ್ರೆ ನೂರಾ ನಲವತ್ತು ಜನ ನೂರಾ ನಲವತ್ತು ಕಥೆ ಹೇಳ್ತಾರೆ. ಅದನ್ನ ಯಾವ ಬಣ್ಣದಲ್ಲಿ ತೋರಿಸೋದು ಸಾರ್?"

ಸಂಗಪ್ಪನವರು ಕುರ್ಚಿ ಬಿಟ್ಟು ಎದ್ದು, ತಮ್ಮ ದನಿಯನ್ನು ಅಳಿಸಿಹಾಕಿ ಎಂದಷ್ಟೇ ಹೇಳಿ ಹೊರಬಂದರು. ಆಮೇಲಿನ ಎರಡು ತಿಂಗಳು ಅವರು ಮನೆಮನೆ ತಿರುಗಿದರು. ಮೂವತ್ತೊಂದು ಮನೆಗಳಲ್ಲಿ ಗುಳಿಗೆ ಡಬ್ಬಿಯಲ್ಲೇ ಇತ್ತು. ಕೂತು ಕೇಳಿದ ಮೇಲೆ ಕೆಲವರು ಗುಳಿಗೆಯನ್ನು ಮಧ್ಯಾಹ್ನದ ಊಟಕ್ಕೆ ದೂಡಿಕೊಂಡು ನುಂಗತೊಡಗಿದರು. ಕೆಲವರ ಪಾಲಿಗೆ ಆ ಹೊತ್ತು ದಾಟಿ ಹೋಗಿತ್ತು. ದಸರೆ ಬಂದು ಹೋಯಿತು, ಇತವಾರಿ ಕೆಮ್ಮುತ್ತಲೇ ಇತ್ತು. ವರದಿಯಲ್ಲಿ ಶೇಕಡಾ ತೊಂಬತ್ತಾರು ಹಾಗೆಯೇ ಉಳಿಯಿತು.

ಅಂಥ ಒಂದು ಮಧ್ಯಾಹ್ನ ತಿರುಗಿ ಸುಸ್ತಾಗಿ ಮನೆಗೆ ಬಂದವರು ಹೆಂಡತಿಯ ಮಂಚದ ಬದಿಗೆ ಸ್ಟೂಲು ಎಳೆದು ಕೂತರು. ನಾಗಪುರದ ಅರ್ಧ ಬಡವರನ್ನು ಕೇಳಿ ಬಂದ ಪ್ರಶ್ನೆಯನ್ನು ಸ್ವಂತ ಮನೆಯಲ್ಲಿ ಕೇಳಲು ಅವರಿಗೆ ಯಾಕೋ ನಾಚಿಕೆಯಾಯಿತು. ಎರಡು ಸಲ ಗಂಟಲು ಸರಿಮಾಡಿಕೊಂಡರು.

"ಸುಶೀಲಾ, ಗುಳಿಗಿ ಯಾವ ಹೊತ್ತಿಗೆ ಕೊಟ್ರ ನಿನಗ ಬರೋಬರ್ ಆಗ್ತೈತಿ?"

ಸುಶೀಲಾಬಾಯಿಯ ಸೊಟ್ಟಗಾದ ತುಟಿಯಿಂದ ಮಾತು ಒಂದೊಂದಾಗಿ ಹೊರಬಂತು.

"ತಡೀರಿ. ಇಪ್ಪತ್ತೆಂಟು ವರ್ಷದಾಗ ಮೊದಲನೇ ಸಲ ಕೇಳೀರಿ. ವಿಚಾರ ಮಾಡಿ ಹೇಳತೀನಿ."