ಲ್ಯಾಪ್‌ಟಾಪಿನ ಬಾಯಿ ಬಿದ್ದುಹೋದ ಭಾನುವಾರ

ನಮ್ಮ ಮನೆಯ ಹಳೇ ಲ್ಯಾಪ್‌ಟಾಪು ಎತ್ತಿನ ಗಾಡಿಗಿಂತ ನಿಧಾನವಾದಾಗ ಅದಕ್ಕೆ ಲಿನಕ್ಸ್ ಹಾಕಿದವನು ನಾನೇ. ಪುಕ್ಕಟೆ ಸಿಗುವ, ಯಾರು ಬೇಕಾದರೂ ಒಳಗೆ ಕೈಹಾಕಿ ತಿದ್ದಬಹುದಾದ ವ್ಯವಸ್ಥೆ ಅದು. ಈ ‘ಯಾರು ಬೇಕಾದರೂ’ ಎಂಬ ಮಾತನ್ನು ನಾನು ನನಗೇ ಬಂದ ಆಹ್ವಾನ ಎಂದುಕೊಂಡಿದ್ದೆ. ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ತಪಾಸಣೆ ಮಾಡುವವನು. ಇನ್ನೊಬ್ಬರು ಮಾಡಿದ ತಪ್ಪು ನನ್ನ ಕಣ್ಣಿಗೆ ಬಲು ಬೇಗ ಬೀಳುತ್ತದೆ.

ನನ್ನ ಹೆಂಡತಿ ಶೈಲ, ಬೇರೆ ರಾಜ್ಯಗಳಿಂದ ಮೈಸೂರಿಗೆ ಕೆಲಸಕ್ಕೆ ಬಂದವರಿಗೆ ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಮಾತಾಡುವ ಕನ್ನಡ ಕಲಿಸುತ್ತಾಳೆ. ಅಂದು ಬಸ್ಸಿನಲ್ಲಿ ಆಡುವ ಮಾತಿನ ಪಾಠ. ಅದಕ್ಕೆ ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ರೂಮಿನಿಂದ ಅವಳ ದನಿ ಬಂತು.

"ರೀ, ಇದ್ರಲ್ಲಿ ಸೌಂಡೇ ಬರ್ತಿಲ್ಲ. ಇವತ್ತು ಹೊಸಬ್ರೊಬ್ರು ಪಾಠ ನೋಡೋಕೆ ಬರ್ತಾರೆ. ಇಷ್ಟ ಆದ್ರೆ ಅವರ ಆಫೀಸಿನವರನ್ನೆಲ್ಲ ಸೇರಿಸ್ತೀನಿ ಅಂದಿದ್ದಾರೆ. ಪಕ್ಕದ್ಮನೆಯಿಂದ ಒಂದು ಲ್ಯಾಪ್‌ಟಾಪ್ ಈಸ್ಕೊಂಡು ಬರ್ಲಾ?"

ಮನೆಯಲ್ಲಿ ನಾನಿರುವಾಗ ಪಕ್ಕದ ಮನೆಯೇ? "ನೀನು ಹೋಗಿ ಕಾಫಿ ಕುಡಿ. ಅಷ್ಟರಲ್ಲಿ ಆಗಿರುತ್ತೆ" ಎಂದೆ.

ಮೊದಲು ವಾಲ್ಯೂಮ್ ನೋಡಿದೆ. ಪೂರ್ತಿ ಇತ್ತು. ಹೆಡ್‌ಫೋನಿನ ತೂತಿನಲ್ಲಿ ಧೂಳು ಕೂತಿರಬಹುದೆಂದು ಉಫ್ ಎಂದು ಊದಿದೆ. ಆಮೇಲೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒಳಗೆ ಆಡಿಸಿದೆ. ಕಡ್ಡಿ ಆಚೆ ಬಂತು, ಹತ್ತಿ ಬರಲಿಲ್ಲ. ಒಂದಿದ್ದ ಕೆಲಸ ಎರಡಾಯಿತು.

ಇನ್ನು ಇಂಟರ್‌ನೆಟ್ಟೇ ಗತಿ. ಅಲ್ಲಿ ಒಬ್ಬ ಪುಣ್ಯಾತ್ಮ ಇಂಥ ಫೈಲನ್ನು ಕೂಡಲೇ ಅಳಿಸಿ ಎಂದಿದ್ದ. ಅವನ ಕೆಳಗೇ ಇನ್ನೊಬ್ಬ, ಸತ್ತರೂ ಅದನ್ನು ಅಳಿಸಬೇಡಿ ಎಂದಿದ್ದ. ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು ಮೊದಲು ಅಳಿಸಿ, ಆಮೇಲೆ ವಾಪಸ್ಸು ಹಾಕಿದೆ. ಲ್ಯಾಪ್‌ಟಾಪು ಮೌನ ಮುರಿಯಲಿಲ್ಲ.

ಕೊನೆಗೆ ಸ್ಪೀಕರ್ ಪರೀಕ್ಷಿಸುವ ಒಂದು ಆದೇಶ ಸಿಕ್ಕಿತು. ಅದನ್ನು ಟೈಪಿಸಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಲೆಫ್ಟ್, ರೈಟ್ ಎಂದು ಹೇಳಬೇಕು. ಟೈಪಿಸಿದೆ. ಯಾರೂ ಏನೂ ಹೇಳಲಿಲ್ಲ. ಆದರೆ ವರಾಂಡದಿಂದ ಮಾವ ಎದ್ದು ಬಂದರು.

ಮಾವ, ಅಂದರೆ ಶೈಲಳ ತಂದೆ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ನಮ್ಮ ಜೊತೆಯಲ್ಲೇ ಇದ್ದಾರೆ. ಆಗ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಳಿಯಂದ್ರೆ, ಯಾರೋ ಎಂಗಸ್ರು ರೈಟ್ ಅಂದಂಗಾಯ್ತಲ್ಲ?"

"ಇಲ್ಲಿ ಯಾರೂ ಇಲ್ಲ ಮಾವ."

"ಇಲ್ಲ ಕಣ್ರೀ, ಅಂದ್ರು. ಮೊದ್ಲು ಲೆಫ್ಟ್ ಅಂದ್ರು, ಆಮೇಲೆ ರೈಟ್ ಅಂದ್ರು. ಇಂಗೆ ರೈಟ್ ಕೊಟ್ರೆ ಡ್ರೈವರ್ ಗಾಡಿ ಎತ್ತಾನಾ?"

ಅವರು ಹೊರಗೆ ಹೋದ ಮೇಲೆ, ಕಾಫಿ ಮುಗಿಸಿ ಬಂದು ಇದನ್ನು ಕೇಳಿಸಿಕೊಂಡಿದ್ದ ಶೈಲಳ ಮುಖ ಸಣ್ಣಗಾಯಿತು. "ಅಪ್ಪಾಜಿಗೆ ಏನೋ ಆಗ್ತಿದೆ ರೀ. ನಾಳೆನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ."

ವಯಸ್ಸಾದ ಮೇಲೆ ಹೀಗೆಲ್ಲ ಆಗುವುದುಂಟು ಎಂದು ನಾನು ಗಂಭೀರವಾಗಿ ಸಮಾಧಾನ ಹೇಳಿದೆ. ಹೇಳುತ್ತಲೇ, ವಾಲ್ಯೂಮನ್ನು ಮಿತಿ ಮೀರಿ ಏರಿಸುವ ಉಪಾಯವೊಂದನ್ನು ಪ್ರಯೋಗಿಸಿ, ಆ ಹೆಂಗಸನ್ನು ಇನ್ನೊಮ್ಮೆ ಮಾತಾಡಿಸಿದೆ.

ವರಾಂಡದಲ್ಲಿ ಮೊರ ಹಾರಿತು. ಅವರೆಕಾಳು ನಡುಮನೆಯವರೆಗೂ ಉರುಳಿ ಬಂತು. ಶೈಲ ಓಡಿಹೋಗಿ ತಂದೆಗೆ ನೀರು ಕೊಟ್ಟು, ಬೆನ್ನು ಸವರಿ ಕೂರಿಸಿ ಬಂದಳು. ಏನೂ ಆಗಿಲ್ಲವಂತೆ, ಆದರೆ ಆ ಹೆಂಗಸಿಗೆ ಈಗ ಸಿಟ್ಟು ಬಂದಿದೆಯಂತೆ.

ಅಷ್ಟರಲ್ಲಿ ಪಾಠದ ಹೊತ್ತಾಯಿತು. ತೆರೆಯ ಮೇಲೆ ವಿದ್ಯಾರ್ಥಿಗಳ ಮುಖಗಳು ಸಾಲಾಗಿ ಮೂಡಿದವು. ಎಲ್ಲರ ತುಟಿಗಳೂ ಆಡುತ್ತಿದ್ದವು, ಒಂದು ಸದ್ದೂ ಇಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರು ನಕ್ಕರು. ಇನ್ನೊಬ್ಬರು ತಲೆ ಬಗ್ಗಿಸಿ ಬರೆದುಕೊಳ್ಳತೊಡಗಿದರು. ಇತ್ತ ವರಾಂಡದಲ್ಲಿ ಮಾವನ ಮಾತು ಶುರುವಾಗಿತ್ತು.

"ಇದು ಬಸ್ಸಲ್ಲ ಕಣಪ್ಪ, ಮನೆ. ಬೆಟ್ಟಕ್ಕೆ ಓಗ್ಬೇಕಾದ್ರೆ ಸಿಟಿ ಬಸ್ ಸ್ಟ್ಯಾಂಡ್‌ಗೆ ಓಗು."

ನಾನು ಇಣುಕಿ ನೋಡಿದೆ. ಮಾವನ ಎದುರು ನರಪಿಳ್ಳೆಯೂ ಇರಲಿಲ್ಲ.

"ಚಿಲ್ಲರೆ ಇಟ್ಕೊಂಡು ಬಸ್ ಅತ್ತಮ್ಮ. ಆಮೇಲೆ ಕಂಡಕ್ಟರ್ ಮೇಲೆ ರೇಗ್ಬ್ಯಾಡ."

ಶೈಲ ಕಣ್ಣೊರೆಸಿಕೊಂಡು, ‘ನಿಮಗೆ ಏನಾದರೂ ಕೇಳಿಸುತ್ತಿದೆಯೇ?’ ಎಂದು ವಿದ್ಯಾರ್ಥಿಗಳಿಗೆ ಟೈಪಿಸಿದಳು. ಕೂಡಲೇ ಉತ್ತರ ಬಂತು: ‘ಚೆನ್ನಾಗಿ ಕೇಳಿಸುತ್ತಿದೆ ಮೇಡಂ. ತಾತ ಬಹಳ ಚೆನ್ನಾಗಿ ಕಲಿಸುತ್ತಿದ್ದಾರೆ.’

"ಯಾವ ತಾತ?" ಎಂದೆ ನಾನು.

ಶೈಲ ನನ್ನನ್ನು ನೋಡಿದಳು. ಆಮೇಲೆ ವರಾಂಡವನ್ನು ನೋಡಿದಳು. ಆಮೇಲೆ ಮತ್ತೆ ನನ್ನನ್ನು, ಈ ಸಲ ಬಹಳ ಹೊತ್ತು, ನೋಡಿದಳು.

ಮಾವನಿಗೆ ಹಿಂದಿನ ವಾರವಷ್ಟೇ ಕಿವಿಗೆ ಹೊಸ ಮಿಷನ್ನು ಹಾಕಿಸಿದ್ದೆವು. ಅವರು ಹಳೇ ನಾಟಕಗಳನ್ನು ನೋಡುವಾಗ ಮನೆಯೆಲ್ಲ ಮೊಳಗಬಾರದೆಂದು ಅದನ್ನು ಬ್ಲೂಟೂತಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಮರೆತವನು ನಾನು. ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಬಂದ ಶಬ್ದವನ್ನೆಲ್ಲ ಅದು ನಿಯತ್ತಾಗಿ ಮಾವನ ಕಿವಿಗೆ ಮುಟ್ಟಿಸುತ್ತಿತ್ತು. ಮಾವ ಆಡಿದ್ದನ್ನು ಅದೇ ಮಿಷನ್ನಿನಿಂದ ತಂದು ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿತ್ತು.

ಶೈಲ ತೆರೆಯ ಮೂಲೆಯಲ್ಲಿದ್ದ ಬ್ಲೂಟೂತಿನ ಗುರುತನ್ನು ಒಮ್ಮೆ ಒತ್ತಿದಳು. ಅಷ್ಟೇ. ರೂಮಿನ ತುಂಬ ನಗು, ಮಾತು ತುಂಬಿಕೊಂಡಿತು.

"ನೋಡಿದ್ಯಾ, ಕೊನೆಗೂ ಬಂತು" ಎಂದೆ. ಈ ಸಾಧನೆಯನ್ನು ಯಾರೂ ಗಮನಿಸಲಿಲ್ಲ.

ಪಾಠ ನೋಡಲು ಬಂದಿದ್ದ ಹೊಸಬರು ತುಂಬ ಖುಷಿಯಲ್ಲಿದ್ದರು. "ಮೇಡಂ, ನಾನು ಆಫೀಸಿನವರನ್ನು ಎಲ್ಲ ಸೇರಿಸುತ್ತೇನೆ. ಆದರೆ ತಾತ ಇರಬೇಕು. ನಾನು ಕೇಳಿದೆ, ಮೇಡಂ ಯಾಕೆ ಮಾತಾಡುವುದಿಲ್ಲ? ತಾತ ಒಂದು ವಾಕ್ಯ ಹೇಳಿದರು. ನಾನು ಬರೆದೆ."

"ಎಲ್ಲಿ, ಓದಿ ನೋಡೋಣ" ಎಂದಳು ಶೈಲ.

ಅವರು ನೆಟ್ಟಗೆ ಕೂತು, ಒಂದೊಂದೇ ಅಕ್ಷರ ಬಿಡಿಸಿ ಓದಿದರು. "ಅಳಿಯಂದ್ರು... ಮುಟ್ಟಿದ್ದು ಎಲ್ಲ... ಗೂಜರಿಗೇಯ."

ನಾನು ಶೈಲಳ ಮುಖ ನೋಡಿದೆ. ಗಂಡನ ಪರವಾಗಿ ಅವಳು ಏನಾದರೂ ಹೇಳಿಯಾಳೆಂದು ಕಾದೆ. ಅವಳು ಕನ್ನಡಕ ಸರಿಮಾಡಿಕೊಂಡಳು.

"ಗೂಜರಿ ಅಲ್ಲ, ಗುಜರಿ. ಗು ಹ್ರಸ್ವ. ಮಿಕ್ಕಿದ್ದೆಲ್ಲ ಸರಿ ಇದೆ. ಈಗ ಎಲ್ಲರೂ ಒಟ್ಟಿಗೆ ಹೇಳಿ."

ಎಲ್ಲರೂ ಒಟ್ಟಿಗೆ ಹೇಳಿದರು. ಸೌಂಡು ಬಹಳ ಸ್ಪಷ್ಟವಾಗಿ ಬರುತ್ತಿತ್ತು.