ಬೆನ್ನಿನ ಪ್ಯಾಡು

ಬೈಕ್ ಜಾಕೆಟ್ಟಿನ ಒಳಮೈ ತಿರುಗಿಸಿ, ತೋಳಿನಲ್ಲಿ ತೇವ ಉಳಿದಿದೆಯೇ ಎಂದು ಕೆನ್ನೆಗೊತ್ತಿ ನೋಡಿದಳು. ಒಣಗಿತ್ತು. ಇನ್ನು ಬಿದ್ದರೆ ಮೂಳೆ ಕಾಯುವ ಪ್ಯಾಡುಗಳನ್ನು ತೂರಿಸಿದರಾಯಿತು ಎಂದು ತಿರುಗಿದರೆ, ತಾರಸಿಯ ಕಟ್ಟೆ ಬೋಳು! ನಿನ್ನೆ ಜಾಕೆಟ್ಟು ಒಗೆಯುವ ಮುನ್ನ ಬಿಚ್ಚಿ ನೆರಳಿಗಿಟ್ಟಿದ್ದಳು. ಭುಜದವು, ಮೊಣಕೈಯವು, ಬೆನ್ನಿನದು, ಒಂದೂ ಇಲ್ಲ.

ಮದುವೆಯಾದಾಗಿನಿಂದ ಹಿಂದಿನ ಸೀಟಿನಲ್ಲಿ ಕೂತು ಗಂಡನ ಬೆನ್ನನ್ನೇ ಊರೆಂದು ನೋಡುತ್ತ ಬಂದವಳು. ಇವತ್ತು ತಾನೇ ಬೈಕ್ ಓಡಿಸಿಕೊಂಡು ಬರುತ್ತೇನೆಂದು ಆಫೀಸಿಗೆಲ್ಲ ಸಾರಿದ್ದಳು. ಗಂಡನದು ಒಂದೇ ಕಾನೂನು: “ಪ್ಯಾಡ್ ಹಾಕದೆ ಈ ಮನೇಲಿ ಯಾರೂ ಹ್ಯಾಂಡಲ್ ಮುಟ್ಟೋ ಹಾಗಿಲ್ಲ. ನಾನೂ ಸೇರಿ!” ಅವಳಿಗೆ ಈ ಜಾಕೆಟ್ ಕೊಳ್ಳುವಾಗ ಮಾತ್ರ, “ಸಡಿಲವಾದ್ದೇ ತಗೋ, ಇಬ್ಬರಿಗೂ ಆಗುತ್ತೆ” ಎಂದಿದ್ದ. “ಸಡಿಲ ಇದ್ರೆ ಬಿದ್ದಾಗ ಪ್ಯಾಡ್ ಒಂದ್ ಕಡೆ, ಮೂಳೆ ಒಂದ್ ಕಡೆ ಸಾರ್” ಎಂದು ಅಂಗಡಿಯವನು ಬಾಯಿ ಮುಚ್ಚಿಸಿದ್ದ.

ಕೆಳಗೆ ಗಂಡನ ಹಾರನ್ ಕೂಗಿತು. ಅವಳು ಜಾಕೆಟ್ಟು ಹಿಡಿದು ಮೆಟ್ಟಿಲಿಳಿದು, ಮನೆಮನೆ ಕೇಳುತ್ತ ಓಡಿದಳು.

ಪಕ್ಕದ ಮನೆ ಅಕ್ಕನ ವಾಷಿಂಗ್ ಮೆಷೀನಿನ ಕಾಲಡಿ ಮೊಣಕೈ ಪ್ಯಾಡುಗಳು ಸಿಕ್ಕವು.

“ಬಾಗಿಲಲ್ಲಿ ಬಿದ್ದಿತ್ತು ಕಣೇ. ಇಟ್ಟಮೇಲೆ ನೋಡು, ಮೆಷೀನು ಹೊಸ ಸೊಸೆ ಥರ ತೆಪ್ಪಗಿದೆ!”

ಎಳೆದುಕೊಂಡದ್ದೇ ತಡ, ಮೆಷೀನು ಮೈಮೇಲೆ ಬಂದಂತೆ ಕುಣಿಯುತ್ತ ಬಾಗಿಲವರೆಗೆ ಬಂದು ದಾರಿ ಕಟ್ಟಿತು. ಅವಳು ಅದನ್ನು ಹತ್ತಿ ಇಳಿದು ಆಚೆ ಬಂದಳು.

ಎದುರುಮನೆಯ ಸಂಗೀತದ ಮೇಷ್ಟ್ರು ಭುಜದ ಪ್ಯಾಡುಗಳನ್ನು ಎರಡೂ ಕಿವಿಗೆ ರಿಬ್ಬನ್ನಿನಲ್ಲಿ ಕಟ್ಟಿಕೊಂಡು ಶಿಷ್ಯೆಯ ಹಾಡಿಗೆ ತಲೆದೂಗುತ್ತಿದ್ದರು. ಕೂಗಿದರೆ ಕೇಳಿಸಲಿಲ್ಲ. ಕೊನೆಗೆ ಅವಳೇ ಬಿಚ್ಚಿದಳು. ಹಾಡು ಕಿವಿಗೆ ಬಿದ್ದೊಡನೆ ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು.

“ಬಾಗಿಲಲ್ಲಿ ಸಿಕ್ಕಿತ್ತಮ್ಮ... ಸಾಯಂಕಾಲ ವಾಪಸ್ ಕೊಡ್ತೀಯಾ?”

ಬೆನ್ನಿನ ಪ್ಯಾಡು ಕೆಳಮನೆ ಅಜ್ಜನ ಕುರ್ಚಿಯಲ್ಲಿತ್ತು. ಅದಕ್ಕೊರಗಿ ಅಜ್ಜ ಕೂತಿದ್ದರು.

“ತಾತಾ, ಒಂದ್ನಿಮಿಷ ಎದ್ದೇಳಿ.”

“ಆಗಲ್ಲ ತಾಯಿ. ಮಾತು ಕೊಟ್ಟುಬಿಟ್ಟಿದ್ದೀನಿ.”

“ಯಾರಿಗೆ?”

ಅಜ್ಜ ತಡವರಿಸಿದರು. “ನನ್ನ... ಬೆನ್ನಿಗೆ.”

ಬೇಡಿಕೊಂಡಳು, ಗದರಿದಳು, ಕುರ್ಚಿಯನ್ನೇ ಓರೆ ಮಾಡಿ ನೋಡಿದಳು. ಅಜ್ಜ ಹಲ್ಲಿಯಂತೆ ಅಂಟಿಕೊಂಡಿದ್ದರು.

ಸಿಕ್ಕ ಪ್ಯಾಡುಗಳನ್ನಷ್ಟೇ ತೂರಿಸಿ ಜಾಕೆಟ್ಟು ತೊಟ್ಟು ಬಂದರೆ, ಹೊರಗೆ ಗಂಡ ತನ್ನ ಜಾಕೆಟ್ಟು ಹಾಕಿ ನಿಂತಿದ್ದ. ಅವಳ ಭುಜ ತಟ್ಟಿದ, ಮೊಣಕೈ ಒತ್ತಿದ, ಬೆನ್ನು ಮುಟ್ಟಿ ಮುಖ ಸಣ್ಣದು ಮಾಡಿದ.

“ಛೆ! ಬೆನ್ನಿಂದೇ ಇಲ್ವಲ್ಲೇ. ನಂಗೂ ಬೇಜಾರೇ, ಆದ್ರೆ ಕಾನೂನು ಕಾನೂನೇ. ಇವತ್ತು ಹಿಂದೆ ಕೂತ್ಕೋ.”

ಕೂತಳು. ಬೈಕು ಹೊರಡುವಷ್ಟರಲ್ಲಿ ಕಿಟಕಿಯಿಂದ ಅಜ್ಜನ ದನಿ ಬಂತು: “ಮಗಾ, ನೀನು ಹೇಳಿದ ಹಾಗೇ ಅಲ್ಲಾಡಲಿಲ್ಲ ನೋಡು! ಇನ್ನಾದ್ರೂ ಏಳಬಹುದಾ?”

ಗಂಡ ಜೋರಾಗಿ ಹಾರನ್ ಒತ್ತಿದ. ಅವನ ಕಿವಿ ಕೆಂಪಾದದ್ದು ಹೆಲ್ಮೆಟ್ಟಿನೊಳಗೆ ಕಾಣಲಿಲ್ಲ.

ದಾರಿಯುದ್ದಕ್ಕೂ ಅದೇ ಬೆನ್ನು. ಅವನ ಜಾಕೆಟ್ಟಿನ ಬೆವರ ವಾಸನೆ ಅವಳ ಮೂಗಿಗೆ ಬಡಿಯಿತು. ರಾತ್ರಿಯೇ ಇದನ್ನೂ ಒಗೆದು ಹಾಕಬೇಕು. ಇದರ ಪ್ಯಾಡುಗಳನ್ನೂ ಬಿಚ್ಚಿ ಕಟ್ಟೆಯ ಮೇಲಿಡಬೇಕು. ಪಾಪ, ಮೇಷ್ಟ್ರ ಕಿವಿಗಳು ಬೇರೆ ಬರಿದಾಗಿವೆ.

“ಏನೇ, ಸದ್ದೇ ಇಲ್ಲ?” ಎಂದ ಗಂಡ.

“ಏನಿಲ್ಲ ರೀ. ರಸ್ತೆ ನೋಡ್ಕೊಂಡು ಓಡಿಸಿ.”