ಹನ್ನೊಂದರವರೆಗೆ ಸಿಗದ ಕೀಲಿ

ಗಡಿಯಾಚೆಯ ಊರಲ್ಲಿ ಸ್ವಿಚ್ಚಣ್ಣನ ಮಗಳು ಬೆಳಗಿನ ಜಾವ ಹೆಣ್ಣುಮಗು ಹೆತ್ತಿದ್ದಳು. ಹನ್ನೊಂದಕ್ಕೆ ಕೂಸನ್ನು ವಾರ್ಡಿಗೆ ತರುತ್ತಾರೆ, ವೀಡಿಯೋ ಕಾಲ್ ಮಾಡಿ ತೋರಿಸ್ತೀನಿ ಅಂತ ಅಳಿಯ ಹೇಳಿದ್ದ. ಹತ್ತಕ್ಕೆ ಸರಿಯಾಗಿ ಸರ್ಕಾರದ ಆದೇಶ ಬಂತು: ಆಚೆ ದೇಶಕ್ಕೆ ಹೋಗುವ ಇಂಟರ್ನೆಟ್ ತಕ್ಷಣ ನಿಲ್ಲಿಸಿ.

ನಿಲ್ಲಿಸಬೇಕಾದವನು ಸ್ವಿಚ್ಚಣ್ಣನೇ. ಎರಡು ದೇಶದ ನಡುವಿನ ಕೇಬಲ್ಲಿನ ಸ್ವಿಚ್ಚು ಒಂದು ಕಬ್ಬಿಣದ ಬೀರುವಿನಲ್ಲಿತ್ತು. ಅದರ ಕೀಲಿ ಇಪ್ಪತ್ತೆರಡು ವರ್ಷದಿಂದ ಅವನ ಸೊಂಟದಲ್ಲಿ. ಆಚೆ ಕಡೆಯ ಕೀಲಿ ಅವನ ಬೀಗರ ಸೊಂಟದಲ್ಲಿ. ದಿನಾ ಬೆಳಿಗ್ಗೆ ಲೈನ್ ಪರೀಕ್ಷೆಗೆ ಬೇರೆ ತಂತಿಯ ಹಳೇ ಫೋನಿನಲ್ಲಿ "ಕೇಳಿಸ್ತಾ?" "ಕೇಳಿಸ್ತು" ಅನ್ನುತ್ತಾ ಅನ್ನುತ್ತಾ ಈ ಮಹಾನುಭಾವರಿಬ್ಬರೂ ಮಕ್ಕಳ ಮದುವೆಯನ್ನೇ ಮುಗಿಸಿಬಿಟ್ಟಿದ್ದರು. ಸರ್ಕಾರಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು!

"ಅವರ ಬ್ಯಾಂಕು, ರೈಲು ಎಲ್ಲ ನಮ್ಮ ಕೇಬಲ್ ನಂಬ್ಕೊಂಡೇ ಇರೋದು. ಒಂದು ಗುಂಡೂ ಹಾರಿಸ್ಬೇಕಿಲ್ಲ, ಸಂಜೆಯೊಳಗೆ ಕಾಲಿಗೆ ಬೀಳ್ತಾರೆ. ತೆಗೀರಿ ಬೀರು," ಎಂದರು ಸಾಹೇಬರು.

"ಕೀಲಿ ಕಾಣ್ತಿಲ್ಲ ಸಾರ್."

ಕೀಲಿ ಅವನ ಊಟದ ಡಬ್ಬಿಯ ತಳದಲ್ಲಿತ್ತು.

"ಈಗಷ್ಟೇ ಸೊಂಟದಲ್ಲೇ ನೋಡಿದ್ನಲ್ರೀ!" ಎಂದ ಹೆಡ್ ಕ್ಲರ್ಕು. ಟೈಪಿಸ್ಟಮ್ಮ ಸ್ವಿಚ್ಚಣ್ಣನಿಂದ ಮೇಜು, ಕಸದ ಬುಟ್ಟಿ, ಕೊನೆಗೆ ಕಕ್ಕಸನ್ನೂ ಹುಡುಕಿಸಿದಳು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದು ರೇಗಿಸಿದಳು. ಕೂಸು ಅಂದದ್ದೇ ತಡ, ಸ್ವಿಚ್ಚಣ್ಣನ ಕಣ್ಣು ಗಡಿಯಾರಕ್ಕೆ ಹೋಯಿತು. ಕಾವಲುಗಾರ ಹಾರೆ ತಂದು ಬಾಗಿಲು ಮೀಟಲಾ ಎಂದ. ಸರ್ಕಾರಿ ಬೀರು ಒಡೆಯಲು ಲಿಖಿತ ಅನುಮತಿ ಬೇಕು ಎಂದು ಸ್ವಿಚ್ಚಣ್ಣ ನೆನಪಿಸಿದ. ಸಾಹೇಬರು ಹೆದರಿ ಅರ್ಜಿ ಬರೆಯಲು ಕೂತರು.

ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಹೆಡ್ ಕ್ಲರ್ಕನ ಹಾಳು ಚಾಳಿ ಅಡ್ಡ ಬಂತು. ಪರರ ಡಬ್ಬಿಗೆ ಕೈಹಾಕದೆ ಅವನಿಗೆ ಹನ್ನೊಂದು ಹೊಡೆಯುವುದೇ ಇಲ್ಲ. "ಅಯ್ಯಯ್ಯೋ ಹಲ್ಲು!" ಎಂದು ಕೂಗಿ ಕೀಲಿಯನ್ನು ಬಾಯಿಂದ ತೆಗೆದ.

ಸ್ವಿಚ್ಚಣ್ಣ ಸಾಹೇಬರ ಕೈ ಹಿಡಿದುಕೊಂಡ. "ಕೆಲಸದಿಂದ ತೆಗೀರಿ ಸಾರ್, ಪರವಾಗಿಲ್ಲ. ಮೊಮ್ಮಗಳ ಮುಖ ಒಂದ್ಸಲ ನೋಡ್ಬೇಕು. ಎರಡೇ ನಿಮಿಷ."

ಸಾಹೇಬರಿಗೂ ಮೊಮ್ಮಕ್ಕಳಿದ್ದರು. ಅವರು ಗಡಿಯಾರ ನೋಡಿದರು, ಬೈದರು, ಆಮೇಲೆ ಕನ್ನಡಕ ಹಾಕಿಕೊಂಡು ಎಲ್ಲರ ಜೊತೆ ತಾವೂ ಮೊಬೈಲಿಗೆ ಬಗ್ಗಿದರು. ಹನ್ನೊಂದು ದಾಟುತ್ತಿದ್ದಂತೆ ಕಾಲ್ ಬಂತು. ಅಳಿಯನ ಕೈಯಲ್ಲಿ ಬಿಳೀ ಬಟ್ಟೆಯ ಗಂಟು. "ಮಾವ, ತಡೀರಿ, ಬಟ್ಟೆ ಸರಿಸ್ತೀನಿ—"

ಚಿತ್ರ ಆರಿಹೋಯಿತು.

ಎಲ್ಲರೂ ಬೀರುವಿನತ್ತ ನೋಡಿದರು. ಅದು ಮುಚ್ಚಿಯೇ ಇತ್ತು. ಆಗ ಹಳೇ ಫೋನು ಬಡಿದುಕೊಂಡಿತು.

"ಬೀಗರೇ, ಮಗೂನ ನೋಡಿದ್ರಲ್ಲ?" ಆಚೆಯಿಂದ ಸಂಭ್ರಮದ ದನಿ. "ನೀವು ನಿಲ್ಲಿಸೋಕೆ ಮುಂಚೆ ನಾವೇ ನಿಲ್ಲಿಸ್ಬೇಕು ಅಂತ ನಮಗೂ ಹತ್ತಕ್ಕೇ ಆದೇಶ ಬಂದಿತ್ತು. ಕೀಲಿ ಕಳೆದಿದೆ ಅಂತ ಸುಳ್ಳು ಹೇಳಿ, ಬೈಸ್ಕೊಂಡು, ನಿಮಗೋಸ್ಕರ ತಡೆದೆ. ಹನ್ನೊಂದು ಹೊಡೀತು, ಇಷ್ಟೊತ್ತಿಗೆ ನೋಡಿರ್ತೀರಿ ಅಂತ ಆಫ್ ಮಾಡ್ದೆ. ನಾನಿನ್ನೂ ನೋಡಿಲ್ಲ. ಯಾರ ಹಾಗಿದೆ ಹೇಳಿ."

ಸ್ವಿಚ್ಚಣ್ಣ ಆರಿಹೋದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಬೀಗರೇ, ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು. "ಥೇಟ್ ನಿಮ್ಮದೇ ಮೂಗು."